ಇಲ್ಲಿ ಹುಟ್ಟಿದವರಿಗೆ ಸಿಲಿಂಡರ್ ಇಲ್ಲ

ಎಲ್ ಆಲ್ತೊ, ಬೊಲಿವಿಯಾ
೨೪ ಜುಲೈ ೧೯೯೬

ಪ್ರೀತಿಯ ತಂಗಿ ಪ್ರಿಮಿತಿವಾ,

ಇದೇ ಜುಲೈ ಹದಿನೈದರ ಸೋಮವಾರ ಬೆಳಿಗ್ಗೆ, ಲಾ ಸೆಹಾ ವೃತ್ತದ ಬಳಿಯಿರುವ ಬಿಳಿ ಕೊಂಡೋರ್ ಸಾರಿಗೆ ಸಂಘದ ಕಚೇರಿಯಲ್ಲಿ, ಉಸಿರು ಸಿಗದೆ ತುಟಿ ನೀಲಿಗಟ್ಟಿದ್ದ ನಿನ್ನ ಮಗಳು ರುಫಿನಾಳಿಗೆ ಆಮ್ಲಜನಕ ಕೊಡಲಿಲ್ಲ. ಸಿಲಿಂಡರ್ ಇತ್ತು, ತುಂಬಿತ್ತು, ಕಿಟಕಿಯ ಆಚೆ ಗೋಡೆಗೆ ಒರಗಿ ನಿಂತಿತ್ತು. ಕೊಡದಿರಲು ಅವರು ಹೇಳಿದ ಕಾರಣ ಒಂದೇ: ಹುಡುಗಿ ಹುಟ್ಟಿದ್ದು ಈ ಊರಿನಲ್ಲಿ.

ಫೋನಿನಲ್ಲಿ ನಿನಗೆ ‘ಎದೆಗೆ ಶೀತ ಇಳಿದಿದೆ, ವಿಮಾನದಲ್ಲಿ ಕಳಿಸುತ್ತಿದ್ದೇನೆ’ ಎಂದಷ್ಟೇ ಹೇಳಿದ್ದೆ. ಫೋನಿನಂಗಡಿಯಲ್ಲಿ ನನ್ನ ಹಿಂದೆ ಜನ ಸಾಲು ನಿಂತಿದ್ದರು. ಅಂಥ ಕಡೆ ಇಂಥ ವಿಷಯ ಬಿಡಿಸಿ ಹೇಳಲಾಗುವುದಿಲ್ಲ. ಈಗ ಕ್ರಮವಾಗಿ ಬರೆಯುತ್ತೇನೆ. ಕೆಲಸದಿಂದ ನಿವೃತ್ತಿಯಾಗುವವರೆಗೂ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವನು ನಾನು. ಯಾರು ಯಾವಾಗ ಏನು ಮಾಡಿದರು ಎನ್ನುವುದನ್ನು ಮರೆಯುವ ಅಭ್ಯಾಸ ನನಗಿಲ್ಲ.

ಮೊದಲ ತಪ್ಪು ರಸ್ತೆಯದು. ರುಫಿನಾ ಸಾಂತಾ ಕ್ರೂಸಿನಿಂದ ಬರುವಾಗ ಪಟಾಕಮಾಯಾ ಹತ್ತಿರ ರೈತರು ರಸ್ತೆಗೆ ಕಲ್ಲು ಪೇರಿಸಿ ಕೂತಿದ್ದರು. ಅವರ ಬೇಡಿಕೆ ನ್ಯಾಯವಾದದ್ದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಸ್ಸಿನವನು ಪ್ರಯಾಣಿಕರನ್ನು ಆ ಕೊರೆಯುವ ಗಾಳಿಯಲ್ಲಿ ಇಳಿಸಿ, ‘ಕಲ್ಲಿನಾಚೆ ನಮ್ಮದೇ ಇನ್ನೊಂದು ಬಸ್ ಇದೆ, ನಡೀರಿ’ ಎಂದುಬಿಟ್ಟ. ಆಚೆ ಬಸ್ ಇರಲಿಲ್ಲ, ಕುರಿ ಸಾಗಿಸುವ ಲಾರಿಗಳಿದ್ದವು. ನೀನು ಹೊಲಿದುಕೊಟ್ಟ ನಾಟ್ಯದ ಲಂಗಗಳ ಗಂಟು ಒಂದು ಲಾರಿಗೆ ಹತ್ತಿತು, ರುಫಿನಾ ಇನ್ನೊಂದಕ್ಕೆ. ಗಂಟು ಇವತ್ತಿನವರೆಗೂ ಸಿಕ್ಕಿಲ್ಲ. ಒರುರೊದ ಸಂತೆಯಲ್ಲಿ ಯಾವಳೋ ನಿನ್ನ ಹೊಲಿಗೆ ಉಟ್ಟುಕೊಂಡು ಮೆರೆಯುತ್ತಿರಬೇಕು.

ಭಾನುವಾರ ಬೆಳಿಗ್ಗೆ ರುಫಿನಾ ಲಾರಿಯಿಂದ ಇಳಿದಾಗ ಮೈಯೆಲ್ಲ ಕುರಿಯ ವಾಸನೆ, ಮುಖ ಬಿಳಿಚಿಕೊಂಡಿತ್ತು.

“ಏನೇ ಕಾಂಬಾ, ತಗ್ಗಿನ ಸೀಮೆಯವಳೇ, ಹಲ್ಲು ಕಡೀತಿದೀಯ? ನಿಮ್ಮ ಬಿಸಿಲೂರಲ್ಲಿ ಗಾಳಿ ಬೀಸಲ್ವಾ?” ಅಂದೆ.

“ಬೀಸುತ್ತೆ ಮಾವ, ಆದ್ರೆ ಕಚ್ಚಲ್ಲ” ಅಂದಳು. ಮಾತಿನಲ್ಲಿ ನಿನ್ನ ಮಗಳೇ ಸರಿ.

ಮೇಳದ ಅಭ್ಯಾಸ ಆಗಲೇ ಶುರುವಾಗಿತ್ತು. ನೇರವಾಗಿ ಅಲ್ಲಿಗೇ ಹೋದೆವು. ಅಮ್ಮ ಹೋದ ಮೇಲೆ ಮೊರೆನಾದ ಕುಣಿತದ ಮೇಳದಲ್ಲಿ ಅವಳ ಜಾಗ ಖಾಲಿ. ಈ ವರ್ಷ ಜುಲೈ ಹದಿನಾರರ ಕಾರ್ಮೆನ್ ಮಾತೆಯ ಹಬ್ಬದಲ್ಲಿ ಮನೆಯವರು ಯಾರೂ ಕುಣಿಯದಿದ್ದರೆ ಅದು ಬೇರೆಯವರ ಪಾಲಾಗುತ್ತದೆ ಎನ್ನುವುದು ನಿನಗೂ ಗೊತ್ತು. ಬಂದ ದಿನ ಹಾಸಿಗೆ ಹಿಡಿದು ಮಲಗುವುದು ಪ್ರವಾಸಿಗಳ ಪದ್ಧತಿ, ನಮ್ಮದಲ್ಲ. ಮೇಳಕ್ಕೂ ಬಸ್ ಸಂಘಕ್ಕೂ ಒಬ್ಬರೇ ಅಧ್ಯಕ್ಷರಾಗಿರುವ ದೋನ್ ಕ್ಲೆತೊ ಅವಳ ಕೈಗೆ ಬಿಯರ್ ಲೋಟ ಕೊಟ್ಟು, “ನೆಲದವ್ವನಿಗೆ ಒಂದು ಹನಿ ಚೆಲ್ಲು ಮಗಾ, ಉಳಿದದ್ದು ನೀನು ಹಾಕು. ಅಜ್ಜಿ ಹೀಗೇ ಕುಣಿಯೋಳು, ಲೋಟ ಇಟ್ಟ ತಕ್ಷಣ!” ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ರುಫಿನಾ ಕುಣಿದಳು.

ಸಂಜೆಯಿಂದ ಕೆಮ್ಮು. ಮಲಗಿದರೆ ಉಸಿರು ಸಿಗುವುದಿಲ್ಲ ಎಂದು ಗೋಡೆಗೆ ಒರಗಿ ಕೂತೇ ಇದ್ದಳು. ಕೋಕಾ ಎಲೆಯ ಕಷಾಯ ಮಾಡಿಕೊಟ್ಟೆ, ಪಕ್ಕದ ಮನೆಯವಳಿಂದ ಎದೆಗೆ ಮುಲಾಮು ತಿಕ್ಕಿಸಿದೆ. ಬೆಳಗಾಗುವಷ್ಟರಲ್ಲಿ ಕೆಮ್ಮಿನ ಜೊತೆ ನಸುಗೆಂಪು ನೊರೆ ಬಂತು. ಆಗಲೇ ನಾವು ಸಂಘದ ಕಚೇರಿಗೆ ಓಡಿದ್ದು.

ಅಲ್ಲಿನ ಗುಮಾಸ್ತೆ, ಎದೆಪಟ್ಟಿಯ ಮೇಲೆ ಓರ್ತೆನ್ಸಿಯಾ ಎಂದು ಹೆಸರಿತ್ತು, ಸಿಲಿಂಡರಿಗೆ ಕೈಹಾಕುವ ಮೊದಲು ಕೇಳಿದ್ದು ಹುಟ್ಟೂರು. ರುಫಿನಾಳಿಗೆ ಮಾತು ಹೊರಡುತ್ತಿರಲಿಲ್ಲ. ಹುಟ್ಟೂರು ಎಲ್ ಆಲ್ತೊ ಎಂದು ತಿಳಿದದ್ದೇ ತಡ, ಕೈ ಹಿಂದೆ ಸರಿಯಿತು. ಸೊರೊಚಿ, ಅಂದರೆ ಈ ಎತ್ತರದ ಬೇನೆ, ಹೊರಗಿನವರ ಕಾಯಿಲೆಯಂತೆ. ಸಿಲಿಂಡರ್ ಇರುವುದು ಅವರಿಗಂತೆ. ಗೋಡೆಯ ಮೇಲಿದ್ದ ಫಲಕವನ್ನು ಬೆರಳು ಮಾಡಿ ತೋರಿಸಿದಳು. ನಾನು ಮಹಡಿ ಹತ್ತಿ ದೋನ್ ಕ್ಲೆತೊ ಕೋಣೆಯಲ್ಲಿ ನ್ಯಾಯ ಕೇಳಿ ಇಳಿದು ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ರುಫಿನಾಳನ್ನು ಟ್ಯಾಕ್ಸಿಯಲ್ಲಿ ಕೆಳಗಿನ ಲಾ ಪಾಸಿನ ಆಸ್ಪತ್ರೆಗೆ ಸಾಗಿಸಿದ್ದರು.

ನಾನು ಆಸ್ಪತ್ರೆಗೆ ಹೋದಾಗ ಮೊಗಸಾಲೆಯ ಬೆಂಚಿನ ಮೇಲೆ ಯಾವಳೋ ಹೆಂಗಸು ಮುಖದ ಮೇಲೆ ಶಾಲು ಎಳೆದುಕೊಂಡು, ದಾರಿಗೆ ಅಡ್ಡ ಕಾಲು ಚಾಚಿ ನಿದ್ದೆಹೋಗಿದ್ದಳು. ದಾಟಿಕೊಂಡೇ ಒಳಗೆ ಹೋಗಬೇಕಾಯಿತು. ನಮ್ಮ ಆಸ್ಪತ್ರೆಗಳ ಸ್ಥಿತಿ ಇದು.

ವೈದ್ಯರು ಹೇಳಿದ್ದನ್ನು ಕೇಳು. ಇಲ್ಲೇ ಹುಟ್ಟಿ, ವರ್ಷಗಟ್ಟಲೆ ಕೆಳಗಿದ್ದು ತಿರುಗಿ ಬಂದವರನ್ನೂ ಇದು ಹಿಡಿಯುತ್ತದೆ. ಕೆಲವರನ್ನು ಪರದೇಶದವರಿಗಿಂತ ಜೋರಾಗಿ. ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ಎಂಟು ವರ್ಷದವಳಿದ್ದಾಗ ನೀವು ಅವಳನ್ನು ಸಾಂತಾ ಕ್ರೂಸಿಗೆ ಕರೆದುಕೊಂಡು ಹೋಗಿದ್ದಿರಿ. ಈಗ ಇಪ್ಪತ್ತು. ದಿನವೂ ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುವ ಸಂಘಕ್ಕೆ ಇಷ್ಟು ತಿಳಿದಿರಬೇಡವೇ?

ನಾನು ಸುಮ್ಮನಿರುವವನಲ್ಲ. ಪತ್ರಿಕೆಗೆ ಬರೆಯುತ್ತಿದ್ದೇನೆ. ಇದರ ಜೊತೆ ಚೂನ್ಯೊ ಕಳಿಸಿದ್ದೇನೆ; ಈ ವರ್ಷದ ಹಿಮಕ್ಕೆ ಆಲೂಗಡ್ಡೆ ಕಲ್ಲಿನ ಹಾಗೆ ಒಣಗಿದೆ. ಬೇರೆ ಬಸ್ಸಿನವರ ಕೈಲಿ ಕಳಿಸಿದ್ದೇನೆ, ಆ ಸಂಘದವರ ಕೈಲಿ ಅಲ್ಲ.

ನಿನ್ನ ಅಣ್ಣ
ನೆಮೆಸಿಯೊ


ಸಾಂತಾ ಕ್ರೂಸ್
೬ ಆಗಸ್ಟ್ ೧೯೯೬

ಅಣ್ಣ,

ಪತ್ರ ಬಂತು, ಚೂನ್ಯೊ ಬಂತು. ಇವತ್ತು ದೇಶದ ಹಬ್ಬ, ಬೀದಿಯಲ್ಲಿ ಶಾಲೆಯ ಮಕ್ಕಳು ನಡೆದು ಹೋಗುತ್ತಿದ್ದಾರೆ, ಹೊಲಿಗೆ ಅಂಗಡಿ ಮುಚ್ಚಿದ್ದೇನೆ. ಅದಕ್ಕೇ ಬರೆಯಲು ಪುರುಸೊತ್ತು.

ರುಫಿನಾ ಮನೆಯಲ್ಲೇ ಇದ್ದಾಳೆ. ಊಟ ಮಾಡುತ್ತಾಳೆ. ಬಾವಿಕಟ್ಟೆಯವರೆಗೆ ಹೋಗಿ ಬಂದು ಕುರ್ಚಿಯಲ್ಲಿ ಕೂರುತ್ತಾಳೆ. ಮಾತು ಮಾತ್ರ ಇಲ್ಲ. ಮೊದಲು ಎಷ್ಟು ಮಾತಾಡುವವಳು, ನಿನಗೆ ಗೊತ್ತು. ಪಕ್ಕದ ಮನೆಯ ಕಾಂಬಾ ಹೆಂಗಸರು ಬಂದು, “ಏನಮ್ಮ ಪ್ರಿಮಿ, ನಿಮ್ಮೂರು ನಿಮ್ಮ ಮಕ್ಕಳನ್ನೇ ತಿಂದುಹಾಕುತ್ತಲ್ಲ” ಅಂತ ಹೇಳಿ ಹೋದರು. ನಗಾಡುತ್ತ ಹೇಳಿದರು, ಪರಂಗಿಹಣ್ಣನ್ನೂ ಕೊಟ್ಟರು. ಹಣ್ಣನ್ನು ಒಳಗೆ ತೆಗೆದಿಟ್ಟೆ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಒಂದು ವಿಷಯ ಕೇಳುತ್ತೇನೆ. ಕಿಟಕಿಯವಳು ಹುಟ್ಟೂರು ಕೇಳಿದಳು ಅಂತ ಬರೆದಿದ್ದೀಯ. ರುಫಿನಾಗೆ ಮಾತು ಹೊರಡುತ್ತಿರಲಿಲ್ಲ ಅಂತಲೂ ಬರೆದಿದ್ದೀಯ.

ಹಾಗಾದರೆ ಉತ್ತರ ಹೇಳಿದ್ದು ಯಾರು?

ಪ್ರಿಮಿ


ಎಲ್ ಆಲ್ತೊ
೧೬ ಆಗಸ್ಟ್ ೧೯೯೬

ಪ್ರೀತಿಯ ಪ್ರಿಮಿ,

ಗೆದ್ದೆವು! ಇದರೊಳಗಿರುವ ಪತ್ರಿಕೆಯ ತುಣುಕನ್ನು ಓದು. ಎರಡನೆಯ ಪುಟದಲ್ಲಿ, ಒಂದು ಅಕ್ಷರವೂ ಕಡಿಮೆಯಾಗದಂತೆ ಅಚ್ಚು ಹಾಕಿದ್ದಾರೆ. ‘ಹುಟ್ಟೂರು ಕೇಳಿ ಉಸಿರು ಕೊಡುವ ಗುಮಾಸ್ತೆ’ ಎನ್ನುವ ತಲೆಬರಹ ಅವರದೇ, ಆದರೆ ಚೆನ್ನಾಗಿದೆ.

ಬೆಳಿಗ್ಗೆ ಬ್ರೆಡ್ ತರಲು ಹೋದರೆ ಅಂಗಡಿಯವನು, “ಚೆನ್ನಾಗಿ ಝಾಡಿಸಿದೀರಿ ಪ್ರೊಫೆ, ಇನ್ನೊಬ್ಬರು ಹೀಗೆ ಬರೆಯೋರು ಉಳಿದಿಲ್ಲ” ಅಂದ. ನೀರಿನ ಕೊಳವೆಗೆ ಈ ಬಡಾವಣೆಯವರು ತಾವೇ ಗುಂಡಿ ತೋಡಿದ ಕಾಲದಿಂದ ನಾನು ಬರೆಯುತ್ತಲೇ ಇದ್ದೇನೆ. ಉತ್ತರ ಬಂದದ್ದು ಅಪರೂಪ. ಈ ಸಲ ಬಂತು. ದೋನ್ ಕ್ಲೆತೊ ಸ್ವತಃ ಮನೆಗೆ ಬಂದು, “ಪ್ರೊಫೆ, ನಿಮ್ಮ ಮನಸ್ಸಿಗೆ ನೋವಾಗಬಾರದು. ಆ ಹೆಂಗಸನ್ನು ತೆಗೆದುಹಾಕಿದ್ದೀವಿ. ಮೊದಲೇ ಹಬ್ಬದ ಹೊತ್ತಲ್ಲಿ ಹೇಳದೆ ಕೇಳದೆ ಎರಡು ದಿನ ನಾಪತ್ತೆ, ಮೇಲೆ ಇದು ಬೇರೆ” ಅಂದರು. ಕಾಫಿ ಕುಡಿದು ಹೋದರು. ಒಬ್ಬ ಸಾಮಾನ್ಯ ಪ್ರಜೆಯ ಪತ್ರಕ್ಕೆ ಈ ದೇಶದಲ್ಲಿ ಇನ್ನೂ ಬೆಲೆಯಿದೆ ಎಂದು ಅವತ್ತು ಅನ್ನಿಸಿತು.

ಇನ್ನೊಂದು ಸಮಾಧಾನದ ಸುದ್ದಿ: ಅಮ್ಮನ ಜಾಗದ ಬಗ್ಗೆ ಚಿಂತೆ ಬೇಡ. ಅದು ಈ ವರ್ಷವೂ ನಮ್ಮ ಮನೆಯದೇ.

ನೀನು ಕೇಳಿದ ಪ್ರಶ್ನೆ ಸಣ್ಣದು. ಆ ಗದ್ದಲದಲ್ಲಿ ಯಾರು ಏನು ಹೇಳಿದರು ಎಂದು ಬಿಡಿಸಿ ಹೇಳುವುದು ಕಷ್ಟ. ಮುಖ್ಯವಾದದ್ದು, ಅಂಥ ಪ್ರಶ್ನೆ ಕೇಳಿದ್ದೇ ತಪ್ಪು.

ರುಫಿನಾಗೆ ತುಣುಕನ್ನು ಓದಿಸು, ಗೆಲುವಾಗುತ್ತಾಳೆ. ಇನ್ನಷ್ಟು ಚೂನ್ಯೊ ಕಳಿಸಿದ್ದೇನೆ.

ನೆಮೆಸಿಯೊ


ಎಲ್ ಆಲ್ತೊ
೫ ಸೆಪ್ಟೆಂಬರ್ ೧೯೯೬

ಪ್ರಿಮಿ,

ನಿನ್ನೆ ಬಸ್ಸಿನವನು ಒಂದು ಚೀಲ ತಂದುಕೊಟ್ಟ. ನಿಂಬೆಹಣ್ಣೋ ಗೆಣಸೋ ಇರಬೇಕು ಎಂದುಕೊಂಡು ಅಡುಗೆಮನೆಗೆ ಒಯ್ದು ಬಿಚ್ಚಿದೆ. ನಾನು ಕಳಿಸಿದ ಚೂನ್ಯೊ. ನಾನು ಹಾಕಿದ ಗಂಟೇ ಇತ್ತು; ನೀನು ಬಿಚ್ಚಿಯೂ ನೋಡಿಲ್ಲ. ಚೀಟಿ ಇದೆಯೇನೋ ಎಂದು ಚೀಲವನ್ನು ತಿರುವಿ ಕೊಡವಿದೆ. ಇರಲಿಲ್ಲ.

ಉತ್ತರ ಹೇಳಿದ್ದು ನಾನು.

ಅವಳು “ಹುಟ್ಟೂರು?” ಎಂದಳು. ರುಫಿನಾ ನನ್ನ ತೋಳಿಗೆ ಜೋತುಬಿದ್ದಿದ್ದಳು. ‘ಸಾಂತಾ ಕ್ರೂಸ್’ ಎಂದಿದ್ದರೆ ಮುಗಿಯುತ್ತಿತ್ತು. ಹನ್ನೆರಡು ವರ್ಷ ಅಲ್ಲೇ ಬೆಳೆದವಳು, ಸುಳ್ಳೂ ಅನ್ನಿಸುತ್ತಿರಲಿಲ್ಲ. ಹಿಂದೆ ಜನ ನಿಂತಿದ್ದರು, ಅರ್ಧಕ್ಕರ್ಧ ನನ್ನ ಹಳೆಯ ವಿದ್ಯಾರ್ಥಿಗಳು. ನಾನು ಗಟ್ಟಿಯಾಗಿ ಹೇಳಿದೆ: “ಇಲ್ಲೇ, ಈ ಬಡಾವಣೆಯಲ್ಲೇ ಹುಟ್ಟಿದವಳು, ಕಲಿಸಾಯಾ ಮನೆಯ ಹುಡುಗಿ!” ಹಾಗೆ ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆಯಿತ್ತು. ಅವಳ ತುಟಿ ನೀಲಿಯಾಗಿತ್ತು, ನನ್ನ ದನಿಯಲ್ಲಿ ಹೆಮ್ಮೆಯಿತ್ತು.

ಕಿಟಕಿಯವಳು, “ಹಾಗಿದ್ರೆ ಸೊರೊಚಿ ಹೇಗೆ ಬರುತ್ತೆ ಪ್ರೊಫೆ? ಫಲಕ ನೋಡಿ, ನೀವೇ ಬರೆದಿದ್ದಲ್ವಾ” ಎಂದಳು. ಅಣಕವಲ್ಲ, ನಿಜವಾಗಿಯೂ ಕೇಳಿದಳು.

ಫಲಕ ನನ್ನದು. ಇದನ್ನೂ ನಿನಗೆ ಬರೆಯಲಿಲ್ಲ. ಯಾವುದೋ ವಿದೇಶಿ ಕ್ಲಬ್ಬಿನವರು ಪ್ರವಾಸಿಗಳಿಗೆಂದು ಸಂಘಕ್ಕೆ ಸಿಲಿಂಡರ್ ಕೊಟ್ಟಿದ್ದರು. ಹಬ್ಬದ ಮಾರನೆಯ ದಿನ ನಮ್ಮ ಚಾಲಕರು ಸಾಲಾಗಿ ಬಂದು ಕುಡಿತದ ತಲೆನೋವಿಗೆ ಅದನ್ನು ಹೀರಿ ಖಾಲಿ ಮಾಡುತ್ತಿದ್ದರು. ಇಡೀ ಊರು ನಗುತ್ತಿತ್ತು. ಸಭೆಯಲ್ಲಿ ಎದ್ದುನಿಂತು ‘ಇಲ್ಲಿ ಹುಟ್ಟಿದವರಿಗೆ ಸಿಲಿಂಡರ್ ಇಲ್ಲ’ ಎಂಬ ನಿಯಮ ತನ್ನಿ ಎಂದವನು ನಾನೇ. ದೋನ್ ಕ್ಲೆತೊ, “ಹಾಗೇ ಬರೆದರೆ ಒರಟಾಗುತ್ತೆ, ನಾಲ್ಕು ಚಂದದ ಮಾತಲ್ಲಿ ಬರೆದುಕೊಡಿ ಪ್ರೊಫೆ” ಎಂದರು. ಬರೆದುಕೊಟ್ಟೆ: ‘ಈ ಎತ್ತರದ ಗಾಳಿ ಇಲ್ಲಿ ಹುಟ್ಟಿದವರಿಗೆ ತಾಯಿ. ಸೊರೊಚಿ ಹೊರಗಿನವರ ಕಾಯಿಲೆ.’ ಕೆಳಗೆ ನನ್ನ ಹೆಸರು. ಬಣ್ಣ ಮಾಸಿದಾಗಲೆಲ್ಲ ಮತ್ತೆ ಬಳಿಯುತ್ತಾರೆ. ಲಾ ಸೆಹಾಕ್ಕೆ ಹೋದಾಗಲೆಲ್ಲ ಆ ಗೋಡೆಯ ಮುಂದೆ ಒಂದು ಗಳಿಗೆ ನಿಲ್ಲುವುದು ನನ್ನ ಅಭ್ಯಾಸವಾಗಿತ್ತು.

ನನಗೆ ಗೊತ್ತಿರಲಿಲ್ಲ ಪ್ರಿಮಿ. ನಾವು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮಕ್ಕಳಿಗೆ ನಮ್ಮ ಗಾಳಿ ಮುನಿಯುತ್ತದೆ ಎಂದು ಯಾರು ಎಣಿಸುತ್ತಾರೆ?

ಇದಿಷ್ಟೇ. ಇನ್ನೇನೂ ಮುಚ್ಚಿಟ್ಟಿಲ್ಲ. ಒಂದು ಸಾಲನ್ನಾದರೂ ಬರೆ.

ಅಣ್ಣ


ಸಾಂತಾ ಕ್ರೂಸ್
೧೫ ಸೆಪ್ಟೆಂಬರ್ ೧೯೯೬

ಪ್ರೊಫೆಸರ್ ನೆಮೆಸಿಯೊ ಕಲಿಸಾಯಾ ಅವರಿಗೆ,

ನಿಮ್ಮ ಪತ್ರಿಕೆಯ ತುಣುಕನ್ನು ನೀವು ಹೇಳಿದ ಹಾಗೆ ರುಫಿನಾಗೆ ಓದಲು ಕೊಟ್ಟೆ. ಹೊಲಿಗೆ ಯಂತ್ರದ ಪಕ್ಕ ನಿಂತುಕೊಂಡೇ ಓದಿದಳು. ಓದಿ ಮಡಿಸಿಟ್ಟು, “ಅಮ್ಮಾ, ಇದು ಸುಳ್ಳು” ಅಂದಳು. ಮನೆಗೆ ಬಂದ ಮೇಲೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಚೂನ್ಯೊ ವಾಪಸು ಕಳಿಸಿದ್ದು ಅವತ್ತೇ.

ಅವಳು ಹೇಳಿದ್ದನ್ನು ನಿಮಗೆ ತಿಳಿಸುತ್ತೇನೆ. ನೀವು ಮಹಡಿ ಹತ್ತಿ ಕೂಗಾಡುತ್ತಿದ್ದಾಗ ಕೆಳಗೆ ಅವಳು ನೆಲದ ಮೇಲೆ ಕೂತಿದ್ದಳು. ಕಿಟಕಿಯವಳು ಬಾಗಿಲು ತೆಗೆದು ಹೊರಗೆ ಬಂದಳು. ಸಿಲಿಂಡರನ್ನು ಮಗುವಿನ ಹಾಗೆ ಶಾಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡು, ಇವಳ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಟ್ಯಾಕ್ಸಿಗೆ ಹತ್ತಿಸಿ, ದಾರಿಯುದ್ದಕ್ಕೂ ಮೂಗಿಗೆ ಕೊಳವೆ ಹಿಡಿದಿದ್ದಳು. ನಿಮ್ಮ ‘ಪುಣ್ಯಾತ್ಮರು’ ಅವಳೇ, ಓರ್ತೆನ್ಸಿಯಾ. ಆಸ್ಪತ್ರೆಯಲ್ಲಿ ‘ಹುಡುಗಿಗೆ ಏನಾಗಬೇಕು?’ ಎಂದರೆ ‘ಚಿಕ್ಕಮ್ಮ’ ಅಂದಳಂತೆ, ಇಲ್ಲದಿದ್ದರೆ ಒಳಗೆ ಬಿಡುತ್ತಿರಲಿಲ್ಲವಂತೆ. ಆ ಎರಡು ದಿನ ಅಲ್ಲಿದ್ದವಳು ಅವಳು. ನಿಮ್ಮ ದೋನ್ ಕ್ಲೆತೊ ‘ನಾಪತ್ತೆ’ ಎಂದದ್ದು ಅದೇ ಎರಡು ದಿನ. ಬೆಂಚಿನ ಮೇಲೆ ಮಲಗಿದ್ದವಳನ್ನು ನೀವು ದಾಟಿ ಬಂದಿರಲ್ಲ, ಅವಳನ್ನೇ.

ನೀವು ಬಂದದ್ದು ಹದಿನೇಳನೆಯ ತಾರೀಕು. ಹದಿನಾರಕ್ಕೆ ಎಲ್ಲಿದ್ದಿರಿ ಎಂದು ರುಫಿನಾಗೆ ಗೊತ್ತಿಲ್ಲ. ನನಗೆ ಗೊತ್ತು. ‘ಅಮ್ಮನ ಜಾಗ ಈ ವರ್ಷವೂ ನಮ್ಮ ಮನೆಯದೇ’ ಎಂದು ನೀವೇ ಬರೆದಿದ್ದೀರಿ. ಕುಣಿಯದೆ ಆ ಜಾಗ ಉಳಿಯುವುದಿಲ್ಲ. ಮನೆಯಲ್ಲಿ ಕುಣಿಯಲು ಬೇರೆ ಯಾರಿದ್ದರು?

ಅಣ್ಣ, ಇಷ್ಟು ಬರೆದು ಎದ್ದುಹೋಗಿ ಹೊಲಿಗೆಗೆ ಕೂತೆ. ದಾರ ಎರಡು ಸಲ ಹರಿಯಿತು. ನನ್ನದೂ ಒಂದಿದೆ, ಬರೆಯದೆ ಈ ಪತ್ರ ಮುಚ್ಚಲಾರೆ.

ಹದಿನಾಲ್ಕು ವರ್ಷದವಳಿದ್ದಾಗ ಶಾಲೆಯವರು ಅವಳನ್ನು ಲಾ ಪಾಸಿಗೆ ಪ್ರವಾಸ ಕರೆದುಕೊಂಡು ಬಂದಿದ್ದರು. ಆಗಲೂ ಹೀಗೇ ಆಗಿತ್ತು, ಇದೇ ಕೆಮ್ಮು, ಇದೇ ನೀಲಿ ತುಟಿ. ಮೇಡಂ ಹೆದರಿ ಅವತ್ತೇ ವಾಪಸು ಕರೆತಂದರು. ನಿನಗೂ ಅಮ್ಮನಿಗೂ ನಾನು ಹೇಳಲಿಲ್ಲ. ಹೇಳಿದ್ದರೆ ಅಮ್ಮ ‘ನನ್ನ ಮೊಮ್ಮಗಳನ್ನು ಕಾಂಬಾ ಮಾಡಿಬಿಟ್ಟೆ’ ಎಂದು ಅಳುತ್ತಿದ್ದಳು, ನೀನು ಹಬ್ಬಹಬ್ಬಕ್ಕೂ ಅದನ್ನೇ ಹೇಳಿ ನಗಿಸುತ್ತಿದ್ದೆ. ಈ ಸಲ ಬಸ್ ಹತ್ತಿಸುವಾಗ ರುಫಿನಾ, “ಅಮ್ಮಾ, ಆವತ್ತಿನ ಹಾಗಾದ್ರೆ?” ಎಂದು ಕೇಳಿದಳು. “ಆಗ ಚಿಕ್ಕವಳು, ಈಗ ಏನೂ ಆಗಲ್ಲ. ಮಾವನ ಎದುರು ಮಾತ್ರ ಅದನ್ನ ಎತ್ತಬೇಡ” ಅಂದೆ. ಕುಣಿಯುವಾಗಲೂ ಅವಳು ಬಾಯಿ ಬಿಡದಿದ್ದದ್ದು ನನ್ನ ಮಾತಿಗೆ.

ಹಾಗಾಗಿ ನನ್ನ ಹತ್ತಿರ ನೀನು ಕ್ಷಮೆ ಕೇಳುವುದು ಬೇಡ, ನಿನ್ನ ಹತ್ತಿರ ನಾನೂ ಕೇಳುವುದಿಲ್ಲ. ನಾವಿಬ್ಬರೂ ಕೇಳಬೇಕಾದವಳು ಬೇರೆ ಇದ್ದಾಳೆ. ಅವಳ ಕೆಲಸ ಹೋಗಿದೆ, ನಿನ್ನ ಪತ್ರದಿಂದ. ಎಲ್ಲರೂ ಓದುವ ಹಾಗೆ ಕೆಡಿಸಿದ್ದನ್ನು ಮನೆಯ ಮೂಲೆಯಲ್ಲಿ ಕೂತು ಸರಿಮಾಡಲಾಗುವುದಿಲ್ಲ. ಅದು ಆಗುವವರೆಗೆ ಚೂನ್ಯೊ ಕಳಿಸಬೇಡ.

ಪ್ರಿಮಿ


ಎಲ್ ಆಲ್ತೊ
೨೯ ಸೆಪ್ಟೆಂಬರ್ ೧೯೯೬

ಪ್ರಿಮಿ,

ಕುಣಿದೆ. ಹದಿನಾರನೆಯ ತಾರೀಕು ಬೆಳಿಗ್ಗೆಯಿಂದ ಕತ್ತಲಾಗುವವರೆಗೆ, ಗರಗರ ಸದ್ದು ಮಾಡುವ ಅಮ್ಮನ ಗಿರಗಟ್ಟೆಯನ್ನು ಕೈಯಲ್ಲಿ ತಿರುಗಿಸುತ್ತ ಕುಣಿದೆ. ‘ಹುಡುಗಿ ಹೇಗಿದ್ದಾಳೆ?’ ಎಂದು ಕೇಳಿದವರಿಗೆಲ್ಲ ‘ಶೀತ’ ಎಂದೆ. ಆಸ್ಪತ್ರೆಗೆ ಹೋದರೆ ಏನು ಕೇಳಬೇಕಾಗುತ್ತದೋ ಎಂಬ ಭಯವೂ ಇತ್ತು. ಮೇಳದ ಮಧ್ಯೆ ಆ ಭಯ ಇರಲಿಲ್ಲ. ಇದಕ್ಕಿಂತ ಹೆಚ್ಚು ಹೇಳಲು ಏನೂ ಇಲ್ಲ.

ನಿನ್ನ ಪತ್ರ ಬಂದ ಮೇಲೆ ಓರ್ತೆನ್ಸಿಯಾಳನ್ನು ಹುಡುಕಿದೆ. ಬಹಳ ಹುಡುಕಬೇಕಾಗಲಿಲ್ಲ. ಸಂಘದ ಕಚೇರಿಯ ಎದುರು ಬದಿಯಲ್ಲಿ ಒಲೆ ಹಚ್ಚಿಕೊಂಡು ಆಪಿ ಮಾರುತ್ತಾಳೆ. ದಿನಕ್ಕೆರಡು ಸಲ ನಾನು ಅವಳ ಮುಂದೆಯೇ ಹಾದುಹೋಗುತ್ತಿದ್ದೆ. ಮೆಕ್ಕೆಜೋಳದ ಬಿಸಿ ಆಪಿಯನ್ನು ಲೋಟಕ್ಕೆ ಬಗ್ಗಿಸುತ್ತ ತಲೆಯೆತ್ತಿ ನೋಡಿದಳು.

“ಕುಡೀತೀರಾ ಪ್ರೊಫೆ? ಧೈರ್ಯವಾಗಿ ಕುಡೀರಿ, ಹುಟ್ಟೂರು ಕೇಳಲ್ಲ” ಅಂದಳು.

ಪಕ್ಕದ ಬ್ರೆಡ್ಡಿನವಳು ಗಹಗಹಿಸಿ ನಕ್ಕಳು. ನಾನು ಹಲಗೆಯ ಮೇಲೆ ಕೂತೆ. “ದೋನ್ಯಾ ಓರ್ತೆನ್ಸಿಯಾ, ನೀವು ಯಾಕೆ ಹೇಳಲಿಲ್ಲ?” ಎಂದೆ.

“ಯಾರಿಗೆ ಹೇಳಲಿ? ಪತ್ರಿಕೆಯವರು ನನ್ನನ್ನ ಕೇಳಿದ್ರಾ? ನೀವು ಕೇಳಿದ್ರಾ? ದೋನ್ ಕ್ಲೆತೊಗೆ ಹೇಳ್ದೆ. ‘ಸಿಲಿಂಡರ್ ಹೊರಗೆ ಒಯ್ದಿದ್ದು ಇನ್ನೂ ದೊಡ್ಡ ತಪ್ಪು, ಬಾಯ್ಮುಚ್ಕೊಂಡು ಹೋಗು’ ಅಂದ್ರು.”

“ನಿಯಮ ಮುರಿದು ಅವಳನ್ನು ಕರೆದೊಯ್ದಿರಲ್ಲ...”

“ಅಯ್ಯೋ, ದೊಡ್ಡ ಮಾತೆಲ್ಲ ಬೇಡ ಪ್ರೊಫೆ. ಮೊದಲು ಇಲ್ಲ ಅಂದವಳೂ ನಾನೇ. ನೀವು ಮೇಲೆ ಕೂಗ್ತಿದ್ರಿ, ಅವಳು ಕೆಳಗೆ ಕೂತು ನನ್ನ ಮುಖಾನೇ ನೋಡ್ತಿದ್ಲು. ಬೈಲಿಲ್ಲ, ಬೇಡ್ಲಿಲ್ಲ. ‘ಕೆಳಗೆ ಹೋಗೋಣ್ವಾ ಮಗಾ’ ಅಂದೆ, ತಲೆ ಆಡಿಸಿದ್ಲು. ಆ ಇಲ್ಲ ಅಂದಿದ್ದಕ್ಕೇ ಎರಡು ದಿನ ಆ ಬೆಂಚಿನ ಮೇಲೆ ಬಿದ್ಕೊಂಡೆ. ಈಗ ಹೇಗಿದ್ದಾಳೆ?”

ಮಾತಾಡುತ್ತಿದ್ದಾಳೆ ಎಂದೆ. ಅವಳು ಲೋಟವನ್ನು ಕೆಳಗಿಟ್ಟು ಶಾಲಿನ ಅಂಚಿನಿಂದ ಮೂಗು ಒರೆಸಿಕೊಂಡಳು. ನಾನು ಕ್ಷಮೆ ಎಂಬ ಮಾತು ಎತ್ತಿದೆ.

“ಕ್ಷಮೆ ಇಟ್ಕೊಂಡು ಏನ್ಮಾಡ್ಲಿ ಪ್ರೊಫೆ, ಆಪಿಗೆ ಹಾಕ್ಲಾ? ನನಗೆ ಕೆಲಸ ಬೇಕು. ಹೆಸರು ಬೇಕು. ಈ ಬೀದೀಲಿ ‘ಉಸಿರು ಕೊಡದವಳು’ ಅಂತಾರೆ ನನ್ನ. ನೀವು ಫಲಕ ಎಷ್ಟು ದೊಡ್ಡದಾಗಿ ಬರೆದಿದ್ರಿ, ಇದನ್ನೂ ಅಷ್ಟೇ ದೊಡ್ಡದಾಗಿ ಬರೀರಿ.”

ಅಲ್ಲಿಂದ ರಸ್ತೆ ದಾಟಿ ದೋನ್ ಕ್ಲೆತೊ ಹತ್ತಿರ ಹೋದೆ. “ಮುಗಿದ ವಿಷಯ ಪ್ರೊಫೆ, ಯಾಕೆ ಕೆದಕ್ತೀರಿ? ಜನ ನಿಮ್ಮನ್ನೇ ನೋಡಿ ನಗ್ತಾರೆ” ಅಂದರು. ಆಮೇಲೆ ಕಿಟಕಿಯ ಕಡೆ ತಿರುಗಿ, “ಮುಂದಿನ ವರ್ಷ ಮೇಳದಲ್ಲಿ ಜಾಗಗಳನ್ನು ಮತ್ತೆ ಹಂಚಬೇಕು ಅಂತಿದ್ದೀವಿ” ಎಂದೂ ಸೇರಿಸಿದರು. ಅರ್ಥವಾಯಿತು. ಹಂಚಲಿ. ಅಮ್ಮ ಇದ್ದಿದ್ದರೆ ಆ ಗಿರಗಟ್ಟೆಯಿಂದಲೇ ನನ್ನ ತಲೆಗೆ ಕೊಡುತ್ತಿದ್ದಳು.

ಪತ್ರಿಕೆಗೆ ಕೊಡುವುದನ್ನು ಕೆಳಗೆ ಬರೆದಿದ್ದೇನೆ. ಇಷ್ಟು ವರ್ಷ ಬರೆದದ್ದನ್ನೆಲ್ಲ ಅಚ್ಚಾದ ಮೇಲೆ ನಿನಗೆ ಕಳಿಸಿದೆ. ಇದನ್ನು ಮೊದಲೇ ಕಳಿಸುತ್ತಿದ್ದೇನೆ. ತಪ್ಪಿದ್ದರೆ ರುಫಿನಾ ತಿದ್ದಲಿ. ನಿನ್ನ ಹೆಸರು ಎಲ್ಲೂ ಇಲ್ಲ. ನಿನ್ನದನ್ನು ನೀನು ನನಗೆ ಹೇಳಿಯಾಗಿದೆ, ಅದು ಸಾಕು.

ಅಣ್ಣ

*ಸಂಪಾದಕರಿಗೆ,*

*ಕಳೆದ ಆಗಸ್ಟಿನಲ್ಲಿ ನಿಮ್ಮ ಪತ್ರಿಕೆಯಲ್ಲಿ ನಾನು ಬರೆದ ಪತ್ರದಲ್ಲಿ, ಜುಲೈ ಹದಿನೈದರಂದು ನನ್ನ ಸೋದರಸೊಸೆಗೆ ಆಮ್ಲಜನಕ ಕೊಡದವಳು ಗುಮಾಸ್ತೆ ಓರ್ತೆನ್ಸಿಯಾ ಎಂದಿದ್ದೆ. ಮೊದಲು ಇಲ್ಲವೆಂದದ್ದು ಆಕೆ, ನಿಜ. ಆದರೆ ಆಕೆ ತೋರಿಸಿದ ಫಲಕ ಬರೆದವನು ನಾನು, ಆ ನಿಯಮ ಕೇಳಿದವನು ನಾನು, ಹುಡುಗಿ ಇಲ್ಲೇ ಹುಟ್ಟಿದವಳು ಎಂದು ಜಂಬದಿಂದ ಕೂಗಿ ಹೇಳಿದವನೂ ನಾನು. ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿ ಆ ಜೀವ ಉಳಿಸಿದವರು ದೋನ್ಯಾ ಓರ್ತೆನ್ಸಿಯಾ. ಅವರು ಆಸ್ಪತ್ರೆಯ ಬೆಂಚಿನ ಮೇಲಿದ್ದಾಗ ನಾನು ಹಬ್ಬದಲ್ಲಿ ಕುಣಿಯುತ್ತಿದ್ದೆ. ಇದನ್ನು ಓದಿದವರು ನನ್ನನ್ನು ಬೀದಿಯಲ್ಲಿ ನಿಲ್ಲಿಸಿ ಏನು ಬೇಕಾದರೂ ಕೇಳಬಹುದು.*

*ಇಲ್ಲಿ ಹುಟ್ಟಿ ಕೆಳಗೆ ಬೆಳೆದ ಮಕ್ಕಳು ಪ್ರತಿ ಹಬ್ಬಕ್ಕೂ ಬಸ್ ತುಂಬ ಬರುತ್ತಾರೆ. ಅವರಿಗೆ ಎದೆ ಕಟ್ಟಿದರೆ ಹೇಳಿಕೊಳ್ಳಲು ನಾಚಿಕೆ, ನಮಗೆ ನಂಬಲು ನಾಚಿಕೆ. ಆ ನಾಚಿಕೆಯನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆದು ಕೆಳಗೆ ಹೆಸರು ಹಾಕಿಕೊಂಡವನು ನಾನು. ಅಕ್ಟೋಬರ್ ಹದಿಮೂರರ ಭಾನುವಾರ ಲಾ ಸೆಹಾದ ಆ ಗೋಡೆಯ ಮುಂದೆ ಬಣ್ಣದ ಡಬ್ಬಿ ಹಿಡಿದು ನಿಂತಿರುತ್ತೇನೆ. ಬಿಳಿ ಕೊಂಡೋರ್ ಸಂಘದವರು ಅಲ್ಲಿಗೆ ಬರಲಿ. ಮುಚ್ಚಿದ ಕೋಣೆಯಲ್ಲಿ ಕಾಫಿ ಕೊಟ್ಟು ಅಲ್ಲ, ಪ್ರಯಾಣಿಕರು, ಚಾಲಕರು, ಆಪಿ ಮಾರುವವರು ಎಲ್ಲರೂ ಕೇಳುವಂತೆ, ಬಸ್ಸಿನ ಹೆಸರು ಕೂಗುವ ಅದೇ ಧ್ವನಿವರ್ಧಕದಲ್ಲಿ ಉತ್ತರ ಕೊಡಲಿ: ಆ ಹೆಂಗಸು ಏನು ಮಾಡಿದಳೆಂದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಕೆಲಸವನ್ನು ಯಾಕೆ ಕಿತ್ತುಕೊಂಡಿರಿ? ಯಾವತ್ತು ವಾಪಸು ಕೊಡುತ್ತೀರಿ?*